ಆರು ಹತ್ತರ ಗಾಳಿ

ನಲ್ಲಿ ನನ್ನ ಮುಖಕ್ಕೆ ಉಗುಳಿತು. ಬೇರೆ ಥರ ಹೇಳಲು ನನಗೆ ಬರುವುದಿಲ್ಲ. ಬೆಳಗ್ಗೆ ಆರಕ್ಕೆ ಮೋಟರು ಹಾಕಿ, ಹಿತ್ತಲಿನ ನಲ್ಲಿಯ ಕೆಳಗೆ ಕೊಡ ಇಟ್ಟು ಬಗ್ಗಿ ನಿಂತಿದ್ದೆ. ಹತ್ತು ನಿಮಿಷ ಚೆನ್ನಾಗಿಯೇ ಬಂದ ನೀರು ಇದ್ದಕ್ಕಿದ್ದಂತೆ ನಿಂತಿತು, ಒಳಗಿಂದ ಗೊರ್ರ್ ಅಂದಿತು, ಆಮೇಲೆ ಒಂದು ಬೊಗಸೆ ನೀರನ್ನೂ ಅದರ ಹತ್ತರಷ್ಟು ಗಾಳಿಯನ್ನೂ ಒಟ್ಟಿಗೆ ಎರಚಿತು. ಸೀರೆ, ರವಿಕೆ, ಕಣ್ಣು, ಎಲ್ಲ ಒದ್ದೆ. ನಾನು ನಲ್ಲಿಗೆ ಬಾಯಿಗೆ ಬಂದಂತೆ ಬೈದೆ. ಮನೆಯಲ್ಲಿ ಬೈಸಿಕೊಳ್ಳಲು ಅದನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಒಂದು ದಿನದ್ದಾದರೆ ಸುಮ್ಮನಿರಬಹುದಿತ್ತು. ಶಿವರಾತ್ರಿ ಕಳೆದ ಮೇಲೆ ದಿನಾ ಇದೇ ಕಥೆ, ಅದೂ ಸರಿಯಾಗಿ ಆರು ಹತ್ತಕ್ಕೆ. ಎಂಟೂವರೆಗೆ ನಾನು ಮನೆ ಬಿಡಬೇಕು. ಸಂತೇಬೆನ್ನೂರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನಾನು, ಹೊನ್ನೂರಮ್ಮ. ನೂರಾ ಎಂಬತ್ತು ಮಕ್ಕಳಿಗೆ ಅನ್ನ ಸಾರು ಮಾಡಿ ಹಾಕುವವಳು ತನ್ನ ಮನೆಯ ಒಂದು ಕೊಡ ನೀರಿಗೆ ನಲ್ಲಿಯ ಜೊತೆ ಗುದ್ದಾಡಬೇಕೆಂದರೆ ಸಿಟ್ಟು ಬರುವುದಿಲ್ಲವೇ?

ಇಲ್ಲಿ ನಮ್ಮ ಬಾವಿಯ ವಿಷಯ ಹೇಳಬೇಕು. ಬಾವಿ ಒಂದೇ. ಅದರ ಬಾಯಿಗೆ ಅಡ್ಡವಾಗಿ ಒಂದು ಕಬ್ಬಿಣದ ತೊಲೆ, ತೊಲೆಯ ಮೇಲೆ ಏಳಡಿ ಗೋಡೆ. ಈ ಕಡೆಯ ಅರ್ಧ ನನ್ನದು, ಆ ಕಡೆಯ ಅರ್ಧ ನನ್ನ ಅಕ್ಕ ಉಡಚಮ್ಮನದು. ಒಡಹುಟ್ಟಿದ ಅಕ್ಕ, ಓರಗಿತ್ತಿಯೂ ಹೌದು. ನಮ್ಮಿಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ನಮ್ಮ ತವರು ಜಗಳೂರು ಕಡೆ. ಚಿಕ್ಕವರಿದ್ದಾಗ ಒಂದು ಕೊಡ ನೀರಿಗೆ ಮೈಲಿಗಟ್ಟಲೆ ನಡೆದವರು ನಾವು. ಈ ಸಂಬಂಧ ಬಂದಾಗ ಅಪ್ಪ ಹೊಲ ಎಷ್ಟಿದೆ ಎಂದು ಕೇಳಲಿಲ್ಲ, ಹುಡುಗ ಏನು ಓದಿದ್ದಾನೆ ಎಂದೂ ಕೇಳಲಿಲ್ಲ. "ಹಿತ್ತಲಾಗೇ ಬಾವಿ ಐತಂತೆ ಕಣೇ," ಎಂದು ಅಮ್ಮನಿಗೆ ಹೇಳಿ ಮೊದಲು ಅಕ್ಕನನ್ನು ಕೊಟ್ಟ, ಮೂರು ವರ್ಷ ಬಿಟ್ಟು ನನ್ನನ್ನೂ ಕೊಟ್ಟ.

ಆಗ ಮೋಟರು ಇರಲಿಲ್ಲ, ರಾಟೆ ಇತ್ತು. ಹಗ್ಗದ ಎರಡು ತುದಿಗೂ ಕೊಡ ಕಟ್ಟಿ ಅಕ್ಕ ಆ ಕಡೆ, ನಾನು ಈ ಕಡೆ ನಿಂತು ಸೇದುತ್ತಿದ್ದೆವು. ಅವಳ ಕೊಡ ಮೇಲೆ ಬಂದಾಗ ನನ್ನದು ಕೆಳಗೆ. ಅತ್ತೆ ಒಳಗಿನಿಂದ ಕೂಗುವವರೆಗೂ ನಮ್ಮ ಮಾತು ಮುಗಿಯುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಣ್ಣತಮ್ಮ ಭಾಗವಾದರು. ಅವರಿಬ್ಬರ ಜಗಳ ಯಾವುದಕ್ಕೆ ಶುರುವಾಯಿತೆಂದು ಈಗ ನನಗೇ ಸರಿಯಾಗಿ ನೆನಪಿಲ್ಲ. ಹಿರಿಯರು ಕೂತು ಹಗ್ಗ ಹಿಡಿದು ಅಳೆದರು. ಮುಂದಿನ ಮನೆ ನಮಗೆ, ಹಿಂದಿನ ಓಣಿಗೆ ಬಾಗಿಲಿರುವ ಮನೆ ಅವರಿಗೆ. ತವರಿನ ತಾಮ್ರದ ಹಂಡೆ ನನಗೆ, ರಾಟೆ ಅಕ್ಕನಿಗೆ. ಹಂಡೆ ಅಮ್ಮ ತನಗೆ ಕೊಟ್ಟಿದ್ದೆಂದು ಅವಳು ಎಲ್ಲರೆದುರು ಒಂದು ಮಾತು ಆಡಿದಳು, ಅದು ನನಗೆ ಚುಚ್ಚಿತು. ಗೋಡೆ ಏಳುವಾಗ ಅವಳೇ ಬಂದು, ಬಾವಿಯ ಹತ್ತಿರ ಒಂದು ಕಿಟಕಿಯಷ್ಟು ಜಾಗ ಬಿಡಿಸೋಣ, ಒಂದು ಬಟ್ಟಲು ಸಾರು ಕೊಟ್ಟು ತಗೊಳ್ಳಾಕೆ ಬೇಕಾಗ್ತೈತೆ ಎಂದಳು. ಗಾರೆಯವನು ಇಟ್ಟಿಗೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ.

"ನಿನ್ನ ನೀರು ನಿಂಗೆ, ನನ್ನ ನೀರು ನಂಗೆ. ಗೋಡೆ ಪೂರ್ತಿ ಏಳ್ಲಿ," ಎಂದವಳು ನಾನೇ. ನನ್ನ ಬಾಯಿ ಅಂಥದ್ದು. ಅವಳು ಹೋಗಿಬಿಟ್ಟಳು. ಅಂದಿನಿಂದ ಅವಳು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಮೊದಲು ಅವಳ ಗಂಡ ಹೋದ, ಎರಡು ವರ್ಷಕ್ಕೆ ನನ್ನ ಗಂಡನೂ ಹೋದ. ಎರಡು ಸಾವಿಗೂ ಒಬ್ಬರ ಮನೆಗೆ ಒಬ್ಬರು ಹೋಗಿ, ಹೆಂಗಸರ ಗುಂಪಿನಲ್ಲಿ ಕೂತು ಎದ್ದು ಬಂದೆವು. ಜಗಳ ಮಾಡಿದವರು ಇಬ್ಬರೂ ಈಗಿಲ್ಲ, ಗೋಡೆ ಇದೆ.

ಅವಳಿಗೆ ಮಕ್ಕಳಿಲ್ಲ. ನನ್ನ ಮಗಳು ಅಂಬಿಕಾ ಅವಳ ಸೊಂಟದ ಮೇಲೇ ಬೆಳೆದವಳು, ಈಗ ಹೊನ್ನಾಳಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. "ದೊಡ್ಡಮ್ಮಂಗೆ ಬಲಗೈ ಎತ್ತಾಕೇ ಆಗ್ತಿಲ್ಲಂತೆ ಕಣಮ್ಮ, ಭುಜ ಹಿಡ್ಕಂಡೈತಂತೆ," ಎಂದು ಶುರುಮಾಡಿದರೆ ನಾನು, ಒಲೆ ಮೇಲೆ ಅನ್ನ ಉಕ್ತೈತೆ ಎಂದು ಹೇಳಿ ಫೋನು ಇಟ್ಟುಬಿಡುತ್ತೇನೆ. ಅಡುಗೆಮನೆಯಲ್ಲಿ ಒಲೆ ಆರಿ ಗಂಟೆಯಾಗಿರುತ್ತದೆ. ಶಾಲೆಯಿಂದ ಬಂದ ಮೇಲೆ ಮರುದಿನದವರೆಗೆ ಒಂದು ಮಾತೂ ಆಡದ ದಿನಗಳು ಎಷ್ಟೋ. ಗೋಡೆಯ ಆಚೆ ಸಂಜೆ ಬಚ್ಚಲಿನ ಒಲೆಯ ಹೊಗೆ ಎದ್ದರೆ, ಸದ್ಯ ಇದ್ದಾಳೆ, ಅಂದುಕೊಳ್ಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ, ನಾಚಿಕೆ.

ಗಾಳಿಯ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ನನ್ನ ಜೊತೆ ಅಡುಗೆ ಮಾಡುವ ರಹಮತ್‌ಬೀಗೆ ಹೇಳಿದೆ. ಅವಳು ಸೌಟು ಕೆಳಗಿಡದೆ ಔಷಧಿ ಹೇಳಿದಳು: "ಪಂಪಿನ ಬಾಯಿಗೆ ಸಗಣಿ ನೀರು ಹೊಯ್ಯಿ. ಬುಡದ ವಾಲ್ವಿನಾಗೆ ಸಂದು ಇದ್ರೆ ಮುಚ್ಕಂತೈತೆ. ನಮ್ಮ ಮಾವ ತೋಟದಾಗೆ ಹಂಗೇ ಮಾಡೋರು."

ಹೊಯ್ದೆ. ಒಂದು ದಿನ ಪೂರ್ತಿ ನಲ್ಲಿಯಲ್ಲಿ ಹಸಿರು ನೀರು ಬಂತು. ಮರುದಿನ ಆರು ಹತ್ತಕ್ಕೆ ಗಾಳಿಯ ಜೊತೆ ಸಗಣಿಯೂ ಮುಖಕ್ಕೆ ಬಿತ್ತು. ರಹಮತ್‌ಬೀ ನಕ್ಕು ನಕ್ಕು ಸಾಕಾಗಿ, "ಆತು ಬಿಡು, ನಮ್ಮ ಬುಡನ್‌ಸಾಬ್ರನ್ನ ಕಳಿಸ್ತೀನಿ," ಎಂದಳು.

ಬುಡನ್‌ಸಾಬ್ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟರು ರಿಪೇರಿ ಅಂಗಡಿ ಇಟ್ಟವರು. ಅರವತ್ತು ದಾಟಿದೆ. ಮಾತು ಕಡಿಮೆ. ಬಂದವರೇ ಮೋಟರು ಹಾಕಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು ಕೇಳಿದರು. ಆಮೇಲೆ ಸೋಪಿನ ನೊರೆ ಮಾಡಿಸಿ, ಬಾವಿಯಿಂದ ಬರುವ ಪೈಪಿನ ಒಂದೊಂದು ಜಾಯಿಂಟಿಗೂ ಹಚ್ಚಿದರು.

"ಪೈಪು ಎಲ್ಲಿ ಗಾಳಿ ಎಳೀತೈತೋ ಅಲ್ಲಿ ನೊರೆ ಒಳಗೆ ಹೋಗ್ತೈತೆ, ನೋಡ್ತಾ ಇರ್ರಿ," ಎಂದರು. ಇಬ್ಬರೂ ಕಣ್ಣು ಬಿಟ್ಟುಕೊಂಡು ನೋಡಿದೆವು. ಎಲ್ಲಿಯೂ ನೊರೆ ಅಲುಗಲಿಲ್ಲ. ಆದರೂ ಬಿಡದೆ ಜಾಯಿಂಟು ಬಿಚ್ಚಿ, ನೂಲು ಸುತ್ತಿ, ಬಿಳಿ ಬಣ್ಣ ಮೆತ್ತಿ ಬಿಗಿ ಮಾಡಿದರು. ನನ್ನ ಗೋಡೆಯ ಕನ್ನಡಿ ತರಿಸಿ, ಬಿಸಿಲನ್ನು ಬಾವಿಯೊಳಗೆ ಬಿಟ್ಟು ಪೈಪಿನ ಬುಡ ನೋಡಿದರು. ಪೈಪು ಮೇಲೆಳೆದು, ತುದಿಯ ವಾಲ್ವಿಗೆ ಚನ್ನಗಿರಿಯಿಂದ ತಂದ ಹೊಸ ವಾಷರ್ ಹಾಕಿ ಇಳಿಸಿದರು. ಹತ್ತು ಗಂಟೆಗೆ ಮೋಟರು ಹಾಕಿದರೆ ನೀರು ಹಾಲು ಸುರಿದ ಹಾಗೆ ಬಂತು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಮರುದಿನ ಆರು ಹತ್ತಕ್ಕೆ ಮತ್ತೆ ಮುಖಕ್ಕೆ ಉಗುಳಿತು.

"ನೀವಿದ್ರೆ ಮಗು ಥರ ಸುಮ್ನಿರ್ತೈತೆ, ನೀವು ಹೋದ ಮ್ಯಾಲೆ ನನ್ನ ಜೀವ ತಿಂತೈತೆ," ಎಂದು ಫೋನಿನಲ್ಲಿ ಕೂಗಾಡಿದೆ.

"ಹಂಗಾದ್ರೆ ಅದು ಉಗುಳೋ ಹೊತ್ತಿಗೇ ಬರ್ತೀನಿ," ಎಂದರು ಬುಡನ್‌ಸಾಬ್. ಮಾರನೆಯ ದಿನ ಬೆಳಗಿನ ನಮಾಜು ಮುಗಿಸಿ, ಟಾರ್ಚು ಹಿಡಿದುಕೊಂಡು ಆರಕ್ಕೆ ಮುಂಚೆಯೇ ಬಂದರು. ಮೋಟರು ಹಾಕಿದೆ. ಅವರು ಬಾವಿಯ ಕಟ್ಟೆಗೆ ಎದೆ ಊರಿ ಟಾರ್ಚು ಬಿಟ್ಟುಕೊಂಡು ನಿಂತರು. ಒಳಗಿನ ಕಲ್ಲಿನ ವರಸೆ ಎಣಿಸಿಕೊಂಡು ನೀರು ಎಷ್ಟು ಇಳಿಯುತ್ತಿದೆ ಎಂದು ನೋಡುತ್ತಿದ್ದರು. ಆರು ಹತ್ತಕ್ಕೆ ಗೋಡೆಯ ಆಚೆ ಗುಂಯ್ ಎಂದಿತು. ಅಕ್ಕನ ಮೋಟರು.

"ಬರ್ರಿ ಇಲ್ಲಿ," ಎಂದರು ಬುಡನ್‌ಸಾಬ್. ನಾನೂ ಬಗ್ಗಿದೆ. ಟಾರ್ಚಿನ ಬೆಳಕಿನಲ್ಲಿ ಎರಡು ಪೈಪುಗಳು ನೀರಿಗಿಳಿದಿದ್ದವು. ಆ ಕಡೆಯದು ಅದುರಲು ಶುರುವಾದ ಮೇಲೆ ನೀರು ಕಣ್ಣೆದುರೇ ಒಂದು ಕಲ್ಲು ಕೆಳಗೆ ಹೋಯಿತು. ನನ್ನ ಪೈಪಿನ ಬುಡ ಅರ್ಧ ಹೊರಗೆ ಬಂದು ಸೊರ್ರ್ ಎಂದು ಗಾಳಿ ಹೀರಿತು. ಹಿಂದೆ ನಲ್ಲಿ ಗೊರ್ರ್ ಅಂದಿತು.

"ನಿಮ್ಮ ಪಂಪಿಗೆ ಏನೂ ಆಗಿಲ್ಲ ಹೊನ್ನೂರಮ್ಮಾರೆ. ಈ ಸಲ ಬ್ಯಾಸಿಗಿ ಜೋರು, ಸೆಲೆ ಸಣ್ಣಗಾಗೈತೆ. ನಿಮ್ಮದು ಪೈಪು ಗಿಡ್ಡ, ಅವರದು ಒಂದು ಮೊಳ ಉದ್ದ. ಇಬ್ಬರೂ ಒಟ್ಟಿಗೆ ಎಳೆದ್ರೆ ಮೊದಲು ಗಾಳಿ ಹತ್ತೋದು ನಿಮಗೆ. ಒಂದು ಗಂಟೆ ಹಿಂದುಮುಂದು ಮಾಡ್ಕಂಡ್ರೆ ಮುಗೀತು."

ನನಗೆ ಸಿಟ್ಟು ನೆತ್ತಿಗೆ ಏರಿತು. ನೂಲು, ಬಣ್ಣ, ಸಗಣಿ, ವಾಷರ್ ಎಲ್ಲ ಆಗಿ, ಕೊನೆಗೆ ಇವಳೇ. ನಾನು ಇನ್ನೂ ಬಾವಿಗೆ ಬಗ್ಗಿಕೊಂಡೇ ಇದ್ದೆ. "ಬೇಕಂತಲೇ ಮಾಡ್ತಾಳೆ ಆಕಿ. ಇಡೀ ದಿನ ಬಿಟ್ಟು ನಾನು ಹಾಕಿದ ಹೊತ್ತಿಗೇ ಯಾಕೆ ಹಾಕಬೇಕು? ನನ್ನ ಪಾಲಿನ ನೀರು ಹೀರಿ ಹೀರಿ ಕುಡೀತಾಳೆ. ಯಾರೂ ಇಲ್ಲದ ಮನಿಗೆ ಅಷ್ಟು ನೀರು ಏನು ಮಾಡಾಕೆ? ಆ ಮೋಟರು ಸುಟ್ಟು ಬೂದಿಯಾಗ್ಲಿ."

ಬುಡನ್‌ಸಾಬ್ ನನ್ನ ತೋಳು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. "ಮೆಲ್ಲಗ್ರೀ. ಬಾವಿಯಾಗೆ ಮಾತು ದೊಡ್ಡದಾಗಿ ಕೇಳ್ತೈತೆ," ಎಂದರು. ಆಚೆ ಗುಂಯ್ ಸದ್ದು ನಿಂತಿತು. ನಾನು ಅದನ್ನು ಗಮನಿಸಿದರೂ ತಲೆಗೆ ಹಾಕಿಕೊಳ್ಳಲಿಲ್ಲ.

"ಬೇಕಾದ್ರೆ ನಾನೇ ಹೋಗಿ ಅವರಿಗೊಂದು ಮಾತು ಹೇಳ್ತೀನಿ," ಎಂದರು.

"ಆ ಬಾಗಿಲಿಗೆ ಹೋದ್ರೆ ನನ್ನ ಬಾಗಿಲಿಗೆ ಮತ್ತೆ ಬರಬ್ಯಾಡ್ರಿ," ಎಂದೆ. ಅವರು ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದರು.

ಮರುದಿನ ಆರಕ್ಕೆ ಮೋಟರು ಹಾಕಿದೆ. ಆರು ಹತ್ತಕ್ಕೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತೆ. ನೀರು ನಿಲ್ಲಲಿಲ್ಲ. ಕೊಡ ತುಂಬಿತು, ಹಂಡೆ ತುಂಬಿತು, ಮೇಲಿನ ಟ್ಯಾಂಕು ತುಂಬಿ ಚೆಲ್ಲಿತು. ಅದರ ಮರುದಿನವೂ ಹಾಗೇ. ಶಾಲೆಯಲ್ಲಿ ರಹಮತ್‌ಬೀ ಎದುರು ಜಂಬ ಕೊಚ್ಚಿಕೊಂಡೆ, ನಾನು ಗದರಿದ್ದಕ್ಕೆ ಬಾವಿಯೇ ಹೆದರಿಕೊಂಡಿದೆ ಎಂದು. ಆ ಮೂರು ದಿನ ನಾನು ಒಳ್ಳೆ ಖುಷಿಯಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ಬೆಳಗ್ಗೆ ಕೊಡ ತುಂಬುತ್ತಿದ್ದಾಗ ಹಿತ್ತಲಿನಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ನಲ್ಲಿ ನಿಲ್ಲಿಸಿದೆ, ಮೋಟರೂ ಆರಿಸಿದೆ. ಆಚೆ ಸದ್ದಿಲ್ಲ. ಮೂರು ದಿನದಿಂದ ಆ ಗುಂಯ್ ಸದ್ದು ನಾನು ಕೇಳಿಲ್ಲವೆಂದು ಆಗ ಹೊಳೆಯಿತು. ಸುಟ್ಟು ಬೂದಿಯಾಗಲಿ ಎಂದದ್ದು ನಾನು. ಅದು ನಿಜವಾಗಿ ಸುಟ್ಟುಹೋಯಿತೋ, ಅವಳೇ ಹಾಸಿಗೆ ಹಿಡಿದಳೋ? ಶಾಲೆಯಲ್ಲಿ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬುಡನ್‌ಸಾಬ್‌ಗೆ ಫೋನು ಮಾಡಿ, ಹಿಂದಿನ ಮನೆಯವರು ಮೋಟರು ಕೆಟ್ಟಿದೆ ಎಂದು ಕರೆದಿದ್ದರೇ ಎಂದು ಕೇಳಿದೆ. ಇಲ್ಲ ಎಂದರು. ಸಂಜೆ ಗೋಡೆಯ ಆಚೆ ಹೊಗೆ ಎದ್ದಿತು. ಬಹಳ ಹೊತ್ತು ನಿಂತು ಅದನ್ನೇ ನೋಡಿದೆ. ಜೀವ ಇದೆ. ನೀರು ಎಲ್ಲಿಂದ?

ಮಾರನೆಯ ದಿನ ಎಂಟೂವರೆಗೆ ಬೀಗ ಹಾಕಿ ಹೊರಟವಳು, ಶಾಲೆಯ ಬಾಗಿಲಿಗೆ ಹೋದ ಮೇಲೆ ಉಗ್ರಾಣದ ಬೀಗದ ಕೈ ಮನೆಯಲ್ಲೇ ಬಿಟ್ಟು ಬಂದಿದ್ದೇನೆಂದು ನೆನಪಾಗಿ ವಾಪಸು ಬಂದೆ. ಒಳಗೆ ಕಾಲಿಟ್ಟರೆ ಹಿತ್ತಲಿನ ಕಡೆಯಿಂದ ಕಿರ್ ಕಿರ್ ಎಂದು ಸದ್ದು. ಒಂದು ಸಲ ಕಿರ್, ಆಮೇಲೆ ಸುಮ್ಮನೆ, ಆಮೇಲೆ ಮತ್ತೆ ಕಿರ್. ಆ ಸದ್ದು ನನಗೆ ಗೊತ್ತು. ನಮ್ಮ ರಾಟೆ.

ಚಪ್ಪಲಿ ಬಿಟ್ಟು ಬಾವಿಯ ಹತ್ತಿರ ಹೋಗಿ ಬಗ್ಗಿದೆ. ತೊಲೆಯ ಕೆಳಗೆ ಗೋಡೆ ಇಲ್ಲ, ಕೆಳಗೆ ನೀರು ಒಂದೇ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಬಗ್ಗಿ ಆ ಕಡೆಯ ಅರ್ಧದಲ್ಲಿ ಅವಳನ್ನು ಹುಡುಕಿದವಳಲ್ಲ. ಬಣ್ಣದ ಖಾಲಿ ಡಬ್ಬಿಯೊಂದು ಹಗ್ಗದಲ್ಲಿ ಮೇಲೆ ಹೋಗುತ್ತಿತ್ತು. ಕೊಡವಲ್ಲ, ಬಕೆಟ್ಟೂ ಅಲ್ಲ, ಎರಡು ಚೊಂಬು ನೀರು ಹಿಡಿಯುವ ಡಬ್ಬಿ. ಒಂದು ಗೇಣು ಏರುತ್ತದೆ, ನಿಲ್ಲುತ್ತದೆ, ಮತ್ತೆ ಒಂದು ಗೇಣು. ಒಂದೇ ಕೈಯಲ್ಲಿ ಎಳೆಯುವವರು ಹಾಗೆ ಎಳೆಯುತ್ತಾರೆ. ಕೆಳಗೆ ನೀರು ಸ್ವಲ್ಪ ತಿಳಿಯಾದಾಗ ಅದರಲ್ಲಿ ಅವಳ ತಲೆ ಕಂಡಿತು, ಪೂರ್ತಿ ಬೆಳ್ಳಗಾಗಿತ್ತು.

ನನಗೆ ಆಗ ಎಲ್ಲ ಅರ್ಥವಾಯಿತು. ಅವತ್ತು ನಾನು ಬಾವಿಗೆ ಬಗ್ಗಿ ಆಡಿದ್ದೆಲ್ಲ ಅವಳಿಗೆ ಕೇಳಿಸಿದೆ. ಯಾರೂ ಇಲ್ಲದ ಮನೆ ಎಂದದ್ದೂ ಕೇಳಿಸಿದೆ. ಮೋಟರು ಆರಿಸಿಬಿಟ್ಟಿದ್ದಾಳೆ. ಸೇದುವ ಸದ್ದು ನನಗೆ ಕೇಳಬಾರದೆಂದು, ನಾನು ಬೀಗ ಹಾಕುವವರೆಗೆ ಕಾದು ಆಮೇಲೆ ಸೇದುತ್ತಿದ್ದಾಳೆ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಅಕ್ಕ," ಎಂದೆ.

ಡಬ್ಬಿ ನಡುವೆಯೇ ನಿಂತಿತು. ಅದರಿಂದ ನೀರು ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

"ಮೋಟರು ಕೆಟ್ಟೈತೇನು?"

"ಇಲ್ಲ." ಮಾತು ಗೋಡೆಯ ಮೇಲಿಂದ ಬರಲಿಲ್ಲ, ಕೆಳಗೆ ನೀರಿನಿಂದ ಎದ್ದು ಬಂತು. ಹನ್ನೊಂದು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಇಲ್ಲ ಎಂಬುದು.

"ಮತ್ತೆ ಯಾಕೆ ಹಿಂಗೆ ಸೇದ್ತೀಯ? ಭುಜ ಎತ್ತಾಕೆ ಆಗಲ್ಲಂತೆ, ಅಂಬಿ ಹೇಳಿದ್ಲು."

"ನಿನ್ನ ನಲ್ಲಿಗೆ ಗಾಳಿ ಬರ್ತೈತಂತಲ್ಲ."

ಅದರಲ್ಲಿ ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಚಿಕ್ಕವಳಿದ್ದಾಗ ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ, ಇಲ್ಲಿ ನೋಯ್ತೈತೇನು ಎಂದು ಕೇಳುತ್ತಿದ್ದಳಲ್ಲ, ಅದೇ ದನಿ. ನಾನು ಕಟ್ಟೆ ಹಿಡಿದುಕೊಂಡೆ. ತಪ್ಪಾಯ್ತು ಎನ್ನಬೇಕಿತ್ತು. ನನ್ನ ಹಾಳು ಬಾಯಿಗೆ ಬೈಗುಳ ಬಂದಷ್ಟು ಸಲೀಸಾಗಿ ಅದು ಬರಲಿಲ್ಲ.

"ಬ್ಯಾರೆ ಹೊತ್ತಿಗೆ ಹಾಕ್ಕಂಡ್ರೆ ಆತಪ್ಪ. ಏಳಕ್ಕೆ ಹಾಕ್ಕೋ," ಎಂದೆ.

"ನಾನು ಏಳೋದೇ ನಿನ್ನ ಮೋಟರು ಕೇಳಿದ ಮ್ಯಾಲೆ," ಎಂದಳು. "ಅದು ಕೇಳಿದ್ರೆ ನೀನು ಎದ್ದೆ ಅಂತ. ಆಮ್ಯಾಲೆ ಮುಖ ತೊಳ್ಕಂಡು ನಂದು ಹಾಕ್ತೀನಿ. ನಾನೂ ಎದ್ದೀನಿ ಅಂತ ನಿಂಗೂ ಗೊತ್ತಾಗ್ಲಿ ಅಂತ."

ಹನ್ನೊಂದು ವರ್ಷ, ದಿನಾ ಬೆಳಗ್ಗೆ. ನಾನು ಅದಕ್ಕೆ ಸೋಪಿನ ನೊರೆ ಹಚ್ಚಿಸಿ ಹುಡುಕಿಸಿದ್ದೆ.

"ಹಾಕು," ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನಷ್ಟು ಬಗ್ಗಿದೆ. "ನಾಳೆಯಿಂದ ಹಾಕು. ಯಾವಾಗಲೂ ಹಾಕ್ತಿದ್ದ ಹೊತ್ತಿಗೇ ಹಾಕು."

ಡಬ್ಬಿ ಮತ್ತೆ ಒಂದು ಗೇಣು ಏರಿತು. "ಶಾಲೆಗೆ ಹೊತ್ತಾತು ನಿಂಗೆ, ಹೋಗು ಹೊನ್ನೂರಿ," ಎಂದಳು. ಹಾಕುತ್ತೇನೆ ಎನ್ನಲಿಲ್ಲ. ನೀರಿನಲ್ಲಿ ಆ ಬಿಳಿ ತಲೆ ಅಲುಗಿ ಮರೆಯಾಯಿತು.

ಅವತ್ತು ಸಂಜೆ ಬುಡನ್‌ಸಾಬ್ ಬಂದರು. ತಾವೇ ಯೋಚಿಸಿ ಒಂದು ದಾರಿ ಕಂಡುಹಿಡಿದಿದ್ದರು. ನನ್ನ ಪೈಪಿನ ಕೆಳಗೆ ಬಂಡೆ ಇದೆ, ಅದರ ಪಕ್ಕಕ್ಕೆ ಒಂದು ಗುಂಡಿ ಇದೆ, ಪೈಪಿಗೆ ಒಂದು ಬಾಗು ಕೊಟ್ಟು ಅದರೊಳಗೆ ಇಳಿಸಿದರೆ ಎರಡು ಮೋಟರು ಒಟ್ಟಿಗೆ ಓಡಿದರೂ ನನ್ನ ನಲ್ಲಿಗೆ ಗಾಳಿ ಬರುವುದಿಲ್ಲ.

"ಬೆಳಗ್ಗೆ ಬಂದು ಮಾಡಿಬಿಡ್ಲಾ?" ಎಂದರು.

"ಬ್ಯಾಡ್ರಿ."

"ಮಳೆಗಾಲದ ತನಕ ಗಾಳಿ ಹಂಗೇ ಬರ್ತೈತೆ, ಹೊನ್ನೂರಮ್ಮಾರೆ."

"ಬರ್ಲಿ ಬಿಡ್ರಿ," ಎಂದೆ. ಇಷ್ಟು ದಿನ ಫೋನಿನಲ್ಲಿ ಅರಚಿದವಳು ಇವಳೇನಾ ಎಂಬಂತೆ ನನ್ನನ್ನು ನೋಡಿ, ಚಹಾ ಕುಡಿದು ಹೋದರು.

ಬೆಳಗ್ಗೆ ಆರಕ್ಕೆ ಮೋಟರು ಹಾಕಿದೆ. ಕೊಡ ಇಟ್ಟು ಬಗ್ಗಿ ನಿಂತೆ. ಆರು ಹತ್ತಾಯಿತು. ನೀರು ಚೆನ್ನಾಗಿ, ಎಲ್ಲಿಯೂ ತಡೆಯದೆ ಬರುತ್ತಿತ್ತು. ಗೋಡೆಯ ಕಡೆ ಕಿವಿ ಕೊಟ್ಟು ಕೇಳಿದೆ, ಆಚೆ ಸದ್ದಿಲ್ಲ. ಆರು ಹನ್ನೆರಡಾಯಿತು. ಕೊಡ ತುಂಬಿ ಕಾಲ ಮೇಲೆ ಹರಿಯುತ್ತಿದ್ದರೂ ಎತ್ತಲಿಲ್ಲ. ಅವಳಿಗೆ ನನ್ನ ಮೋಟರು ಕೇಳಿಸಿಲ್ಲವೋ, ಕೇಳಿಸಿಯೂ ಬೇಡವೆಂದು ಸುಮ್ಮನೆ ಕೂತಿದ್ದಾಳೋ. ಕೂತಿದ್ದರೆ ಅದು ನ್ಯಾಯವೇ, ಕಿಟಕಿ ಬೇಡ ಎಂದವಳು ನಾನೇ ತಾನೆ. ಆರು ಹದಿನೈದಾಯಿತು.

ಆಗ ಗೋಡೆಯ ಆಚೆ ಗುಂಯ್ ಎಂದಿತು. ಮುಖ ತಿರುಗಿಸಿಕೊಳ್ಳದೆ, ಇನ್ನಷ್ಟು ಬಗ್ಗಿ ಕಾದೆ. ನೀರು ಸಣ್ಣಗಾಯಿತು, ನಿಂತಿತು, ಒಳಗಿಂದ ಗೊರ್ರ್ ಅಂದಿತು. ಮುಖ, ಕಣ್ಣು, ಸೀರೆ ಎಲ್ಲ ಒದ್ದೆಯಾಯಿತು. ಒರೆಸಿಕೊಳ್ಳದೆ ಎರಡನೆಯ ಕೊಡ ಇಟ್ಟೆ.